ಜಿಎಸ್‌ಟಿ ರಿಟರ್ನ್‌ಗೂ ಸ್ಪ್ರಿಂಟ್ ಬೇಕಾ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಿಕಲ್ ಕಂಟ್ರೋಲ್ ಪ್ಯಾನೆಲ್ ತಯಾರಿಸುವ ಕಂಪನಿಯೊಂದರಲ್ಲಿ ಎಚ್‌ಆರ್ ಮತ್ತು ಆಡಳಿತ ನೋಡಿಕೊಳ್ಳುತ್ತೇನೆ. ಒಟ್ಟು 160 ಜನ ಇದ್ದೇವೆ. ಅದರಲ್ಲಿ ಏಳು ಜನ ಸಾಫ್ಟ್‌ವೇರ್‌ನವರು. ಪಂಪ್‌ಹೌಸ್‌ಗಳನ್ನು ಮೊಬೈಲ್‌ನಿಂದಲೇ ನೋಡಿಕೊಳ್ಳುವ ಆ್ಯಪ್ ಅವರ ಕೆಲಸ. ಎರಡು ವರ್ಷದಿಂದ ಅಜೈಲ್ ಪದ್ಧತಿಯಲ್ಲಿ (ಸ್ವಲ್ಪ ಸ್ವಲ್ಪ ಮಾಡಿ, ತೋರಿಸಿ, ತಿದ್ದಿಕೊಳ್ಳುತ್ತಾ ಹೋಗುವುದು) ಕೆಲಸ ಮಾಡುತ್ತಿದ್ದಾರೆ, ಚೆನ್ನಾಗಿಯೇ ನಡೆದಿದೆ. ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದ ನಮ್ಮ ಎಂ.ಡಿ.ಯವರ ಮಗಳು ಈಗ ಡೈರೆಕ್ಟರ್ ಆಗಿ ಬಂದಿದ್ದಾರೆ. ಅಕೌಂಟ್ಸ್, ಪರ್ಚೇಸ್, ಸೇಲ್ಸ್, ಡಿಸೈನ್, ಪ್ರೊಡಕ್ಷನ್ ಎಲ್ಲರೂ ಇದೇ ಪದ್ಧತಿ ಪಾಲಿಸಬೇಕು ಎಂದಿದ್ದಾರೆ. ಈಗ ದಿನಾ ಬೆಳಿಗ್ಗೆ ಎಲ್ಲ ವಿಭಾಗದಲ್ಲೂ ನಿಂತುಕೊಂಡೇ ಮೀಟಿಂಗ್. ಎರಡು ವಾರಕ್ಕೊಂದು ಸ್ಪ್ರಿಂಟ್, ಅಂದರೆ ಅಷ್ಟು ದಿನದ ಕೆಲಸದ ಪಟ್ಟಿಯನ್ನು ಮೊದಲೇ ಗಟ್ಟಿ ಮಾಡಿಕೊಂಡು ಮುಗಿಸುವುದು. ಗೋಡೆ ತುಂಬಾ ಬಣ್ಣದ ಚೀಟಿ. ಅಕೌಂಟ್ಸ್ ಹೆಡ್ ‘ಜಿಎಸ್‌ಟಿ ರಿಟರ್ನ್‌ಗೂ ಸ್ಪ್ರಿಂಟ್ ಬೇಕಾ?’ ಎಂದು ಕೇಳುತ್ತಾರೆ. ಸೇಲ್ಸ್‌ನವರ ಸ್ಪ್ರಿಂಟ್ ಮೂರನೇ ದಿನವೇ ಮುರಿಯುತ್ತದೆ. ಪ್ರೊಡಕ್ಷನ್ ಸೂಪರ್‌ವೈಸರ್‌ಗೆ ಬೆಳಗಿನ ಹೊತ್ತು ಹಾಳು ಅನ್ನುವ ಸಿಟ್ಟು. ಮುಂದಿನ ಇನ್‌ಕ್ರಿಮೆಂಟನ್ನು ಸ್ಪ್ರಿಂಟ್ ಪಾಯಿಂಟ್ ನೋಡಿ ಕೊಡೋಣ ಎಂಬ ಮಾತೂ ಇದೆ. ಎಲ್ಲರಿಗೂ ಸರ್ಟಿಫಿಕೇಟ್ ಕೊಡಿಸುತ್ತೇನೆಂದು ಒಬ್ಬ ಕನ್ಸಲ್ಟೆಂಟ್ ಕೊಟೇಶನ್ ಕಳಿಸಿದ್ದಾರೆ. ಇದು ಸಾಫ್ಟ್‌ವೇರ್ ಬಿಟ್ಟು ಬೇರೆ ಕಡೆ ನಿಜವಾಗಿ ನಡೆಯುತ್ತಾ? ಅಥವಾ ನಿಲ್ಲಿಸಿಬಿಡಿ ಎಂದು ಹೇಳುವ ಧೈರ್ಯ ನಾನೇ ಮಾಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಅಜೈಲ್ ಬೇರೆ ವಿಭಾಗಗಳಲ್ಲಿ ನಡೆಯುತ್ತಾ ಎನ್ನುವುದು ಒಂದು. ನಿಮ್ಮಲ್ಲಿ ಈಗ ನಡೆಯುತ್ತಿರುವುದು ಅಜೈಲ್ ಹೌದಾ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ, ನಡೆಯುತ್ತದೆ. ಎರಡನೆಯದಕ್ಕೆ, ನೀವು ಬರೆದದ್ದನ್ನು ನೋಡಿದರೆ, ಬಹುಪಾಲು ಅಲ್ಲ. ಸಾಫ್ಟ್‌ವೇರ್ ತಂಡದ ಮೀಟಿಂಗುಗಳನ್ನು ಮಾತ್ರ ಎಲ್ಲರಿಗೂ ಹಂಚಿದ್ದೀರಿ. ಆ ಮೀಟಿಂಗುಗಳು ಅವರಿಗೆ ಯಾಕೆ ಬೇಕಾದವು ಅನ್ನುವುದು ಹಿಂದೆಯೇ ಉಳಿದಿದೆ. ನಿಮ್ಮ ಅಕೌಂಟ್ಸ್ ಹೆಡ್ ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಅವರನ್ನು ‘ಬದಲಾವಣೆ ಒಪ್ಪದವರು’ ಎಂಬ ಪಟ್ಟಿಗೆ ಸೇರಿಸಬೇಡಿ.

‘ಇದು ಸಾಫ್ಟ್‌ವೇರ್‌ನವರ ಪದ್ಧತಿ, ಫ್ಯಾಕ್ಟರಿಗೆ ಆಗಲ್ಲ’ ಎಂದು ನಿಮ್ಮಲ್ಲಿ ಹಲವರು ಹೇಳುತ್ತಿರಬಹುದು. ಇತಿಹಾಸ ನೋಡಿದರೆ ಇದು ಉಲ್ಟಾ. 1986ರಲ್ಲಿ ಹಿರೊಟಾಕಾ ತಾಕೆಯುಚಿ ಮತ್ತು ಇಕುಜಿರೊ ನೊನಾಕಾ ಎಂಬ ಇಬ್ಬರು ಜಪಾನಿ ಪ್ರಾಧ್ಯಾಪಕರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದರು. ಕ್ಯಾನನ್, ಹೋಂಡಾ, ಫ್ಯೂಜಿ-ಜೆರಾಕ್ಸ್‌ನಂಥ ಕಂಪನಿಗಳು ಹೊಸ ಕ್ಯಾಮೆರಾ, ಕಾರು, ಜೆರಾಕ್ಸ್ ಯಂತ್ರಗಳನ್ನು ಬೇಗ ಹೇಗೆ ಹೊರತರುತ್ತವೆ ಎಂದು ಅವರು ನೋಡಿದ್ದರು. ಡಿಸೈನ್ ಮುಗಿಸಿ ಪ್ರೊಡಕ್ಷನ್‌ಗೆ, ಪ್ರೊಡಕ್ಷನ್ ಮುಗಿಸಿ ಸೇಲ್ಸ್‌ಗೆ ಎಂದು ಕೈ ದಾಟಿಸುವ ಬದಲು, ಎಲ್ಲ ವಿಭಾಗದವರೂ ಇರುವ ಒಂದೇ ಸಣ್ಣ ತಂಡ ಶುರುವಿನಿಂದ ಕೊನೆಯವರೆಗೂ ಜೊತೆಗಿರುತ್ತಿತ್ತು. ಅಜೈಲ್‌ನ ಒಂದು ಬಗೆಯಾದ ‘ಸ್ಕ್ರಮ್’ಗೆ ರಗ್ಬಿ ಆಟದ ಆ ಹೆಸರು ಬಂದದ್ದು ಆ ಲೇಖನದಿಂದ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಅದನ್ನು ಸಾಫ್ಟ್‌ವೇರ್‌ಗೆ ತಂದು 1995ರಲ್ಲಿ ಮಂಡಿಸಿದರು. ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದದ್ದು 2001ರ ಫೆಬ್ರವರಿಯಲ್ಲಿ.

ಗೋಡೆಯ ಮೇಲಿನ ಚೀಟಿಗಳ ಕಥೆಯೂ ಅಷ್ಟೇ. ಚೀಟಿ ಇಟ್ಟು ಕೆಲಸ ಸಾಗಿಸುವ ಕಾನ್‌ಬಾನ್ ಪದ್ಧತಿ ಹುಟ್ಟಿದ್ದು ಟೊಯೋಟಾದ ಕಾರು ಕಾರ್ಖಾನೆಯಲ್ಲಿ, ಅಲ್ಲಿನ ಎಂಜಿನಿಯರ್ ಟೈಚಿ ಓನೊ ಅವರ ಕೈಯಲ್ಲಿ. ಮುಂದಿನವರು ಕೇಳಿದಾಗ, ಕೇಳಿದಷ್ಟೇ ಮಾಡು ಎನ್ನುವುದು ಅದರ ತಿರುಳು. ನಿಮ್ಮ ಊರಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ, ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಶುರುವಾಯಿತು. ಅಂದರೆ ಅಜೈಲ್ ಪ್ರಣಾಳಿಕೆಗಿಂತ ಮೊದಲು. ನಿಮ್ಮ ಪ್ರೊಡಕ್ಷನ್ ಸೂಪರ್‌ವೈಸರ್ ಆ ಕಡೆಯ ಯಾವುದಾದರೂ ಬಿಡಿಭಾಗದ ಕಂಪನಿಯಲ್ಲಿ ದುಡಿದಿದ್ದರೆ, ನಿಮ್ಮ ಸಾಫ್ಟ್‌ವೇರ್ ಹುಡುಗರಿಗಿಂತ ಅವರಿಗೇ ಇದು ಜಾಸ್ತಿ ಗೊತ್ತಿರಬಹುದು. ಒಮ್ಮೆ ಕೇಳಿ ನೋಡಿ.

‘ಅಜೈಲ್ ಅಂದರೆ ಪ್ಲಾನೂ ಬೇಡ, ದಾಖಲೆಯೂ ಬೇಡ’ ಎಂಬ ತಪ್ಪು ತಿಳಿವಳಿಕೆಯೂ ಇದೆ. ಪ್ರಣಾಳಿಕೆ ಹಾಗೆ ಹೇಳಿಲ್ಲ. ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ ಎಂದಿದೆ ಅಷ್ಟೇ. ಪ್ಯಾನೆಲ್‌ನ ಟೆಸ್ಟ್ ರಿಪೋರ್ಟ್ ಬರೆಯುವುದನ್ನು ಬಿಟ್ಟರೆ ನಿಮ್ಮ ಗ್ರಾಹಕ ಮಾಲೇ ಇಳಿಸಿಕೊಳ್ಳುವುದಿಲ್ಲ.

ಇನ್ನು ಅಸಲು ವಿಷಯ. ವಿಭಾಗ ಯಾವುದು ಎಂದು ನೋಡಿ ಪದ್ಧತಿ ಆರಿಸಬೇಡಿ. ಕೆಲಸ ಎಂಥದ್ದು ಎಂದು ನೋಡಿ.

ಕೆಲವು ಕೆಲಸಗಳಲ್ಲಿ ಏನು ಬೇಕು ಎನ್ನುವುದೇ ಶುರುವಿನಲ್ಲಿ ಗೊತ್ತಿರುವುದಿಲ್ಲ. ಸ್ವಲ್ಪ ಮಾಡಿ ತೋರಿಸಿದ ಮೇಲೆ ‘ಓ, ಇದಲ್ಲ, ಹೀಗೆ ಬೇಕು’ ಎಂದು ತಿಳಿಯುತ್ತದೆ. ಆ್ಯಪ್ ಅಂಥದ್ದು. ಹೊಸ ಮಾದರಿಯ ಪ್ಯಾನೆಲ್ ವಿನ್ಯಾಸವೂ ಅಂಥದ್ದೇ. ನಿಮ್ಮದೇ ವಿಭಾಗದಲ್ಲಿ ಹೊಸ ಟ್ರೇನಿಗಳಿಗೆ ತರಬೇತಿ ರೂಪಿಸುವುದೂ ಅದೇ ಜಾತಿ. ಇಂಥಲ್ಲಿ ಎರಡು ವಾರಕ್ಕೊಮ್ಮೆ ನಿಲ್ಲಿಸಿ, ತೋರಿಸಿ, ತಿದ್ದಿಕೊಳ್ಳುವ ಸ್ಪ್ರಿಂಟ್ ನಿಜಕ್ಕೂ ಉಪಯೋಗ.

ಇನ್ನು ಕೆಲವು ಕೆಲಸ ತಮಗೆ ಬೇಕಾದಾಗ ಬಂದು ಬಾಗಿಲು ತಟ್ಟುತ್ತವೆ. ಎನ್‌ಕ್ವೈರಿ, ಕಂಪ್ಲೇಂಟ್, ತುರ್ತಾಗಿ ಬೇಕಾದ ಕಾಂಟ್ಯಾಕ್ಟರ್ ಎಂಬ ಸ್ವಿಚ್‌ಗೆ ಪಿ.ಒ. (ಖರೀದಿ ಆದೇಶ). ಎರಡು ವಾರದ ಪಟ್ಟಿ ಮಾಡಿ ಬೀಗ ಹಾಕಿದರೆ ಅದು ಮೂರನೇ ದಿನ ಮುರಿಯಲೇಬೇಕು. ಸೇಲ್ಸ್‌ನವರಿಗೆ ಶಿಸ್ತಿಲ್ಲ ಅನ್ನಬೇಡಿ, ಅವರ ಕೆಲಸಕ್ಕೆ ಸ್ಪ್ರಿಂಟ್ ಹೊಂದುವುದಿಲ್ಲ ಅಷ್ಟೇ. ಅವರಿಗೆ ಬೇಕಾದದ್ದು ಚೀಟಿ ಅಂಟಿಸುವ ಒಂದು ಬೋರ್ಡ್, ಮತ್ತು ಒಮ್ಮೆಗೆ ಎಷ್ಟು ಕೈಗೆತ್ತಿಕೊಳ್ಳಬಹುದು ಎಂಬ ಮಿತಿ.

ಮೂರನೆಯ ಬಗೆಯದಕ್ಕೆ ದಿನಾಂಕವೂ ಗೊತ್ತು, ದಾರಿಯೂ ಗೊತ್ತು. ಟಿಡಿಎಸ್ 7ನೇ ತಾರೀಖು, ಜಿಎಸ್‌ಟಿಆರ್-1 11ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ. ಇಲ್ಲಿ ಪ್ರಯೋಗ ಮಾಡುವಂಥದ್ದು ಏನೂ ಇಲ್ಲ. ಒಳ್ಳೆಯ ಚೆಕ್‌ಲಿಸ್ಟ್ ಮತ್ತು ಒಬ್ಬರು ರಜೆ ಹಾಕಿದರೆ ಮಾಡುವ ಇನ್ನೊಬ್ಬರು ಇದ್ದರೆ ಸಾಕು. ಡ್ರಾಯಿಂಗ್ ನೋಡಿ ವೈರಿಂಗ್ ಮಾಡುವುದೂ ಹೀಗೆಯೇ. ವೈರ್‌ಮ್ಯಾನ್ ಪ್ರತಿ ಪ್ಯಾನೆಲ್‌ಗೂ ಹೊಸ ದಾರಿ ಹುಡುಕುವುದು ನಿಮಗೇ ಬೇಡ, ಅಲ್ವಾ?

ಆದರೆ ಒಂದೇ ವಿಭಾಗದಲ್ಲಿ ಈ ಮೂರೂ ಇರುತ್ತವೆ. ಅಕೌಂಟ್ಸ್ ಅಂದರೆ ಬರೀ ರಿಟರ್ನ್ ಅಲ್ಲ. ಸಣ್ಣ ಸಪ್ಲೈಯರ್‌ಗಳ ಬಿಲ್ ಉದಾಹರಣೆಗೆ ತೆಗೆದುಕೊಳ್ಳಿ. ಸಣ್ಣ ಮತ್ತು ಅತಿ ಸಣ್ಣ ಉದ್ದಿಮೆಗಳಿಗೆ, ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ, 45 ದಿನದೊಳಗೆ ದುಡ್ಡು ಕೊಡಬೇಕೆಂದು ಎಂಎಸ್‌ಎಂಇ ಕಾನೂನು ಹೇಳುತ್ತದೆ. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ಬಿಲ್ ತಡವಾಗುವುದು ಅಕೌಂಟ್ಸ್‌ನವರ ಸೋಮಾರಿತನದಿಂದ ಅಲ್ಲ. ಸ್ಟೋರ್ಸ್‌ನಿಂದ ಜಿಆರ್‌ಎನ್ (ಮಾಲು ಬಂತೆಂಬ ರಸೀದಿ) ಬಂದಿರುವುದಿಲ್ಲ. ಸ್ಟೋರ್ಸ್‌ನವರು ಕ್ವಾಲಿಟಿಯ ಸಹಿಗೆ ಕಾಯುತ್ತಿರುತ್ತಾರೆ. ಪಿ.ಒ.ದಲ್ಲಿ ಒಂದು ರೇಟ್, ಬಿಲ್‌ನಲ್ಲಿ ಇನ್ನೊಂದು ರೇಟ್. ಇದನ್ನು ಅಕೌಂಟ್ಸ್‌ನವರು ತಮ್ಮ ರೂಮಿನಲ್ಲಿ ಎಷ್ಟು ಸ್ಪ್ರಿಂಟ್ ಮಾಡಿದರೂ ಬಗೆಹರಿಸಲಾರರು. ಸ್ಟೋರ್ಸ್, ಪರ್ಚೇಸ್, ಕ್ವಾಲಿಟಿಯಿಂದ ಒಬ್ಬೊಬ್ಬರು ಅವರ ಜೊತೆ ಕೂತರೆ ಮಾತ್ರ ಆಗುತ್ತದೆ.

ನಿಮ್ಮಂಥ ಕಂಪನಿಗಳಲ್ಲಿ ಹೊತ್ತು ಹಾಳಾಗುವುದು ವಿಭಾಗದ ಒಳಗೆ ಅಲ್ಲ, ವಿಭಾಗಗಳ ನಡುವೆ. ನಾನು ನೋಡಿದ ಕಡೆಯಲ್ಲೆಲ್ಲ ಇದೇ ಕಥೆ. ಒಂದು ಆರ್ಡರ್‌ನ ಹಾದಿ ನೋಡಿ. ಸೇಲ್ಸ್‌ಗೆ ಎನ್‌ಕ್ವೈರಿ ಬರುತ್ತದೆ, ಡಿಸೈನ್‌ಗೆ ಹೋಗುತ್ತದೆ, ಕಾಸ್ಟಿಂಗ್ ಆಗುತ್ತದೆ, ಕೊಟೇಶನ್ ಹೊರಡುತ್ತದೆ. ಆರ್ಡರ್ ಬಂದ ಮೇಲೆ ಜಿಎ ಡ್ರಾಯಿಂಗ್ (ಪ್ಯಾನೆಲ್‌ನ ಒಟ್ಟು ಜೋಡಣೆಯ ನಕ್ಷೆ), ಗ್ರಾಹಕರ ಒಪ್ಪಿಗೆ, ಬಿಒಎಂ (ಬೇಕಾದ ಬಿಡಿಭಾಗಗಳ ಪಟ್ಟಿ). ಪರ್ಚೇಸ್ ಸ್ವಿಚ್‌ಗೇರ್ ತರಿಸಬೇಕು. ಎನ್‌ಕ್ಲೋಷರ್ ಪೌಡರ್ ಕೋಟಿಂಗ್‌ಗೆ ಹೋಗಿ ಬರಬೇಕು. ಆಮೇಲೆ ವೈರಿಂಗ್, ಟೆಸ್ಟಿಂಗ್, ಡಿಸ್ಪ್ಯಾಚ್. ಈಚೆಗೆ ಮುಗಿದ ಒಂದು ಆರ್ಡರ್ ತೆಗೆದುಕೊಂಡು ಪ್ರತಿ ಮೇಜಿಗೆ ಬಂದ ತಾರೀಖು, ಮೇಜು ಬಿಟ್ಟ ತಾರೀಖು, ನಿಜವಾಗಿ ಕೈ ಹಚ್ಚಿದ ಗಂಟೆಗಳು ಈ ಮೂರನ್ನು ಬರೆಯಿರಿ. ಕೆಲಸ ಮಾಡಿದ ಹೊತ್ತಿಗಿಂತ ಫೈಲ್ ಸುಮ್ನೆ ಕಾದ ಹೊತ್ತೇ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಎಲ್ಲ ವಿಭಾಗವೂ ತನ್ನ ತನ್ನ ಗೋಡೆಗೆ ತನ್ನ ತನ್ನ ಚೀಟಿ ಅಂಟಿಸಿಕೊಂಡರೆ ಈ ಕಾಯುವಿಕೆ ಯಾರ ಗೋಡೆಯ ಮೇಲೂ ಕಾಣಿಸುವುದಿಲ್ಲ.

ಕಾಯುವುದು ಯಾಕೆ ಬೆಳೆಯುತ್ತದೆ ಎನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. 1961ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಡಿಸೈನ್ ವಿಭಾಗದಲ್ಲಿ 24 ಆರ್ಡರ್ ಬಿದ್ದಿವೆ, ವಾರಕ್ಕೆ ನಾಲ್ಕು ಮುಗಿಯುತ್ತವೆ ಅಂದುಕೊಳ್ಳಿ. ಸರಾಸರಿ ಒಂದು ಆರ್ಡರ್ ಅಲ್ಲಿ ಆರು ವಾರ ಇರುತ್ತದೆ. ಗ್ರಾಹಕರಿಗೆ ಬೇಜಾರಾಗಬಾರದೆಂದು ಇನ್ನೂ ಎಂಟನ್ನು ‘ಶುರು ಮಾಡಿಬಿಡಿ’ ಎಂದರೆ ಎಂಟು ವಾರವಾಗುತ್ತದೆ. ಯಾರೂ ನಿಧಾನ ಮಾಡಿಲ್ಲ, ಆದರೂ ಎಲ್ಲವೂ ತಡ. ಗೌರಿ ಹಬ್ಬದ ಹೊತ್ತಿಗೆ ಟೈಲರ್ ಎಲ್ಲರ ರವಿಕೆ ಬಟ್ಟೆಯನ್ನೂ ಕತ್ತರಿಸಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಬಟ್ಟೆ ಕತ್ತರಿಸಿಯಾದ ಮೇಲೆ ಗಿರಾಕಿ ಬೇರೆ ಕಡೆ ಹೋಗುವ ಹಾಗಿಲ್ಲ. ಆದರೆ ಹಬ್ಬದ ದಿನ ಯಾರ ರವಿಕೆಯೂ ಪೂರ್ತಿ ಆಗಿರುವುದಿಲ್ಲ. ಕಡಿಮೆ ಕೈಗೆತ್ತಿಕೋ, ಎತ್ತಿಕೊಂಡದ್ದನ್ನು ಮುಗಿಸು. ವಿಭಾಗ ಯಾವುದೇ ಇರಲಿ, ಅಜೈಲ್‌ನಿಂದ ತೆಗೆದುಕೊಳ್ಳಬೇಕಾದ ಒಂದೇ ವಿಷಯ ಆರಿಸಿ ಎಂದರೆ ನಾನು ಇದನ್ನು ಆರಿಸುತ್ತೇನೆ. ಕಷ್ಟವೂ ಇದೇ. ಯಾಕೆಂದರೆ ‘ಈ ವಾರ ಇನ್ನೊಂದು ತಗೊಳ್ಳಲ್ಲ ಸಾರ್’ ಎಂದು ಎಂ.ಡಿ.ಗೆ ಯಾರಾದರೂ ಹೇಳಬೇಕಾಗುತ್ತದೆ.

ಬೆಳಗಿನ ಮೀಟಿಂಗ್ ಬಗ್ಗೆ ಒಂದು ಮಾತು. ಅದನ್ನು ಇಟ್ಟದ್ದು ತಂಡದವರು ತಮ್ಮತಮ್ಮಲ್ಲೇ ‘ಇವತ್ತು ಯಾರು ಏನು ಮಾಡೋಣ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ’ ಎಂದು ಮಾತಾಡಿಕೊಳ್ಳಲು. ‘ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಏನು ಅಡ್ಡಿ ಇದೆ’ ಎಂದು ಸಾಲಾಗಿ ಕೇಳುವ ಮೂರು ಪ್ರಶ್ನೆಗಳನ್ನು ಸ್ಕ್ರಮ್‌ನ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್ 2020ರ ಆವೃತ್ತಿಯಲ್ಲಿ ಕೈಬಿಟ್ಟಿದೆ. ನಮ್ಮ ಕಂಪನಿಗಳಲ್ಲಿ ಆ ಮೀಟಿಂಗ್ ಹಾಜರಿ ಪುಸ್ತಕ ಆಗಿಬಿಡುತ್ತದೆ. ಎದುರಿಗೆ ಬಾಸ್ ನಿಂತಿದ್ದರೆ ‘ನನಗೆ ಇದು ಬರುತ್ತಿಲ್ಲ’ ಎಂದು ಯಾರು ಬಾಯಿಬಿಡುತ್ತಾರೆ? ಎಲ್ಲರೂ ‘ನಡೀತಾ ಇದೆ ಮೇಡಂ’ ಎನ್ನುತ್ತಾರೆ. ತೊಂದರೆ ಗೊತ್ತಾಗುವುದು ಡಿಸ್ಪ್ಯಾಚ್ ದಿನ. ಹೆಡ್‌ಗಳು ಅಲ್ಲಿ ಇರಬಾರದು ಎಂದಲ್ಲ. ಇದ್ದರೆ ಕೊನೆಯಲ್ಲಿ ಮಾತಾಡಲಿ, ಅದೂ ‘ನಾನೇನು ಮಾಡಿಕೊಡಲಿ’ ಎಂದು ಕೇಳಲು.

ಪಾಯಿಂಟ್ ನೋಡಿ ಇನ್‌ಕ್ರಿಮೆಂಟ್ ಕೊಡುವ ವಿಷಯದಲ್ಲಿ ನಾನು ನಿಮ್ಮ ಜಾಗದಲ್ಲಿದ್ದರೆ ಗಟ್ಟಿಯಾಗಿ ಬೇಡ ಎನ್ನುತ್ತಿದ್ದೆ. ಇದು ಎಚ್‌ಆರ್ ವಿಷಯ, ನಿಮ್ಮ ಮಾತಿಗೆ ತೂಕ ಇದೆ. ನೀವು ಹೇಳುವ ಸ್ಪ್ರಿಂಟ್ ಪಾಯಿಂಟಿಗೆ ಸ್ಟೋರಿ ಪಾಯಿಂಟ್ ಎನ್ನುತ್ತಾರೆ, ಸ್ಕ್ರಮ್ ಗೈಡ್‌ನಲ್ಲಿ ಆ ಮಾತೇ ಇಲ್ಲ. ಒಂದು ಕೆಲಸ ಎಷ್ಟು ದೊಡ್ಡದು ಎಂದು ತಂಡ ತನಗೆ ತಾನೇ ಮಾಡಿಕೊಳ್ಳುವ ಅಂದಾಜು ಅದು. ಅದಕ್ಕೆ ದುಡ್ಡು ಕಟ್ಟಿದ ದಿನವೇ ಮೂರು ಪಾಯಿಂಟಿನ ಕೆಲಸ ಎಂಟಾಗುತ್ತದೆ. ಜೊತೆಯವರಿಗೆ ಸಹಾಯ ಮಾಡಿದರೆ ನನ್ನ ಪಾಯಿಂಟ್ ಹೋಗುತ್ತದೆ ಎಂದು ಜನ ಕೈಕಟ್ಟಿ ಕೂರುತ್ತಾರೆ. ಪರ್ಚೇಸ್‌ನ ಪಾಯಿಂಟಿಗೂ ಡಿಸೈನ್‌ನ ಪಾಯಿಂಟಿಗೂ ಹೋಲಿಕೆಯೇ ಇಲ್ಲ. ಅಪ್ರೈಸಲ್ ಬದಲಿಸಲೇಬೇಕು ಅನ್ನಿಸಿದರೆ ದಾರಿ ಬೇರೆ ಇದೆ. ಅಡೋಬಿ ಕಂಪನಿ 2012ರಲ್ಲಿ ವರ್ಷಕ್ಕೊಮ್ಮೆ ರ‍್ಯಾಂಕ್ ಕೊಡುವುದನ್ನು ಬಿಟ್ಟು, ಆಗಾಗ ಕೂತು ಮಾತಾಡುವ ಪದ್ಧತಿ ತಂದಿತು. ನೀವು ಸಂಬಳ ಏರಿಕೆಯನ್ನು ವರ್ಷಕ್ಕೊಮ್ಮೆಯೇ ಇಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂರುವುದನ್ನು ಹೆಡ್‌ಗಳಿಗೆ ರೂಢಿ ಮಾಡಿಸಬಹುದು. ಅಲ್ಲಿ ದುಡ್ಡಿನ ಮಾತು ಬೇಡ. ಒಂದು ಅಪಾಯ ಹೇಳಿಬಿಡುತ್ತೇನೆ. ಕೂತು ಮಾತಾಡಲು ಬಾರದ ಹೆಡ್ ಇದ್ದರೆ ಈ ಪದ್ಧತಿಯಲ್ಲಿ ಅವರ ಇಷ್ಟಾನಿಷ್ಟವೇ ರೇಟಿಂಗ್ ಆಗುತ್ತದೆ. ಮಾತಾಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದಿಡಬೇಕೆಂಬ ನಿಯಮ ಮಾಡಿ.

ಇಡೀ ಕಂಪನಿಯನ್ನೇ ಬದಲಿಸಿದವರು ಇಲ್ಲವೇ ಎಂದು ಮೇಡಂ ಕೇಳಬಹುದು. ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ಐಎನ್‌ಜಿ ಬ್ಯಾಂಕ್ 2015ರಲ್ಲಿ ತನ್ನ ಮುಖ್ಯ ಕಚೇರಿಯ ಸುಮಾರು 3,500 ಜನರನ್ನು ಒಂಬತ್ತು ಜನರ ಸಣ್ಣ ಸಣ್ಣ ತಂಡಗಳಾಗಿ ಒಡೆಯಿತು. ಮಾರ್ಕೆಟಿಂಗ್‌ನವರೂ ಐಟಿಯವರೂ ಒಂದೇ ಮೇಜಿಗೆ ಬಂದರು. ಈ ಉದಾಹರಣೆಯನ್ನು ಟ್ರೇನಿಂಗ್‌ಗಳಲ್ಲಿ ತುಂಬಾ ಹೇಳುತ್ತಾರೆ, ಆದರೆ ಎರಡು ವಿಷಯ ಹೇಳುವುದು ಕಡಿಮೆ. ಅಲ್ಲಿ ಪ್ರತಿಯೊಬ್ಬರೂ ಹೊಸ ಹುದ್ದೆಗೆ ಮತ್ತೆ ಅರ್ಜಿ ಹಾಕಬೇಕಾಯಿತು. ಮತ್ತೆ, ಶಾಖೆಗಳು, ಕಾಲ್ ಸೆಂಟರ್, ಎಚ್‌ಆರ್, ಫೈನಾನ್ಸ್ ಇವನ್ನು ಆ ಅಚ್ಚಿಗೆ ಹಾಕಲಿಲ್ಲ. ಅಂಥ ದೊಡ್ಡ ಬ್ಯಾಂಕೇ ಎಲ್ಲರಿಗೂ ಒಂದೇ ಅಳತೆ ಹೊಲಿಸಲಿಲ್ಲ. ಮೇಡಂಗೆ ಇದನ್ನು ಹೇಳಿ ನೋಡಿ, ಕೇಳಿಸಿಕೊಳ್ಳುತ್ತಾರೆ.

ಈಗ ನಿಮ್ಮ ಮುಂದೆ ಏನೇನು ದಾರಿ ಇದೆ? ಎಲ್ಲವನ್ನೂ ನಿಲ್ಲಿಸಿಬಿಡಬಹುದು. ಸೂಪರ್‌ವೈಸರ್‌ಗೆ ಖುಷಿಯಾಗುತ್ತದೆ. ಆದರೆ ‘ಮೇಲಿನವರು ಏನೇ ತಂದರೂ ಆರು ತಿಂಗಳು ತಲೆಯಾಡಿಸಿದರೆ ಸಾಕು’ ಎಂದು ಜನ ಕಲಿಯುತ್ತಾರೆ. ಮುಂದೆ ನಿಜವಾಗಿ ಬೇಕಾದ ಬದಲಾವಣೆಯೂ ಅದೇ ಗೋಡೆಗೆ ಬಡಿಯುತ್ತದೆ. ಹೀಗೇ ಮುಂದುವರಿಸಿದರೆ ಬೋರ್ಡ್ ಒಂದು, ಕೆಲಸ ಇನ್ನೊಂದು. ಚೀಟಿ ಸರಿಸಲು ಒಬ್ಬ ಹುಡುಗನನ್ನು ನೇಮಿಸಿದ ಕಚೇರಿಯನ್ನೂ ನಾನು ನೋಡಿದ್ದೇನೆ. ಸರ್ಟಿಫಿಕೇಟ್ ಕೋರ್ಸ್ ಬಗ್ಗೆ ಹೇಳುವುದಾದರೆ, ಎರಡು ದಿನದ ಸ್ಕ್ರಮ್ ಕೋರ್ಸ್ ನಿಮ್ಮ ಸಾಫ್ಟ್‌ವೇರ್ ತಂಡದ ಒಬ್ಬಿಬ್ಬರಿಗೆ ಇರಲಿ. ಸ್ಟೋರ್ ಕೀಪರ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಎಲ್ಲರಿಗೂ ಲೈಸೆನ್ಸ್ ಕೊಂಡು ಬೋರ್ಡನ್ನು ಕಂಪ್ಯೂಟರ್‌ಗೆ ಹಾಕುವುದೂ ಈಗಲೇ ಬೇಡ.

ನಾನಾಗಿದ್ದರೆ ಮಾಡುತ್ತಿದ್ದದ್ದು ಇದು. ಸಾಫ್ಟ್‌ವೇರ್ ತಂಡವನ್ನು ಅದರ ಪಾಡಿಗೆ ಬಿಡಿ. ಅಕೌಂಟ್ಸ್, ಪ್ರೊಡಕ್ಷನ್, ಸೇಲ್ಸ್, ಪರ್ಚೇಸ್‌ನಿಂದ ಸ್ಪ್ರಿಂಟ್ ತೆಗೆಯಿರಿ. ನಿಮಗೆ ಜಾಸ್ತಿ ಬರುವ ಒಂದು ಬಗೆಯ ಆರ್ಡರ್ ಆರಿಸಿ, ಪಂಪ್ ಪ್ಯಾನೆಲ್ ಅಂದುಕೊಳ್ಳೋಣ. ಅದಕ್ಕೆ ಮಾತ್ರ ಸೇಲ್ಸ್, ಡಿಸೈನ್, ಪರ್ಚೇಸ್, ಸ್ಟೋರ್ಸ್, ಪ್ರೊಡಕ್ಷನ್‌ನಿಂದ ಒಬ್ಬೊಬ್ಬರು, ಬಿಲ್ಲಿಂಗ್‌ಗೆ ಅಕೌಂಟ್ಸ್‌ನ ಒಬ್ಬರು ಸೇರಿದ ಒಂದು ತಂಡ ಮಾಡಿ. ಇವರಿಗೆ ಒಂದೇ ಬೋರ್ಡ್, ಎನ್‌ಕ್ವೈರಿಯಿಂದ ಡಿಸ್ಪ್ಯಾಚ್‌ವರೆಗೆ. ಬೋರ್ಡ್ ಶಾಪ್ ಫ್ಲೋರ್ ಹತ್ತಿರ ಇರಲಿ, ಎಂ.ಡಿ. ರೂಮಿನಲ್ಲಿ ಬೇಡ. ಡಿಸೈನ್ ಸಾಲಿನಲ್ಲಿ ಒಮ್ಮೆಗೆ ಇಷ್ಟೇ ಆರ್ಡರ್ ಎಂಬ ಮಿತಿಯನ್ನು ಅವರೇ ಹಾಕಿಕೊಳ್ಳಲಿ. ಈ ಆರೇಳು ಜನ ದಿನಕ್ಕೆ ಹದಿನೈದು ನಿಮಿಷ ಬೋರ್ಡ್ ಮುಂದೆ ನಿಲ್ಲಲಿ. ಉಳಿದವರಿಗೆ ಸದ್ಯ ಬಿಡುವು ಕೊಡಿ.

ಇದರಲ್ಲೂ ಅಪಾಯ ಇವೆ. ತಂಡದಲ್ಲಿರುವ ಡಿಸೈನರ್‌ಗೆ ಇಬ್ಬರು ಬಾಸ್ ಆಗುತ್ತಾರೆ, ತಂಡ ಒಂದು ಹೇಳುತ್ತದೆ, ಡಿಸೈನ್ ಹೆಡ್ ಇನ್ನೊಂದು ಹೇಳುತ್ತಾರೆ. ದಿನದ ಕೆಲಸದ ಕ್ರಮ ತಂಡದ್ದು, ಡ್ರಾಯಿಂಗ್‌ನ ಗುಣಮಟ್ಟ ಮತ್ತು ರಜೆ ಹೆಡ್‌ದು ಎಂದು ಮೊದಲೇ ಬರೆದು ಹಂಚಿ. ವಿಭಾಗದ ಹೆಡ್‌ಗಳಿಗೆ ‘ನನ್ನ ಕೈಯಿಂದ ಹೋಯಿತು’ ಎಂಬ ಭಯ ಬರುವುದು ಸಹಜ. ಇಪ್ಪತ್ತು ವರ್ಷ ದುಡಿದು ಮೇಲೆ ಬಂದವರು ಅವರು. ತಂಡ ಘೋಷಿಸುವ ಮೊದಲು ಒಬ್ಬೊಬ್ಬರ ಜೊತೆ ಬೇರೆಯಾಗಿ ಮಾತಾಡಿ, ಎಲ್ಲರ ಮುಂದೆ ಒಪ್ಪಿಸಲು ಹೋಗಬೇಡಿ. ಇನ್ನು ಎಂ.ಡಿ.ಯವರ ಪರಿಚಯದ ಗ್ರಾಹಕರ ತುರ್ತು ಆರ್ಡರ್ ಬಂದೇ ಬರುತ್ತದೆ. ಅದನ್ನು ತಡೆಯಲಾಗದು. ಅದಕ್ಕೆ ಬೋರ್ಡ್‌ನಲ್ಲಿ ಒಂದೇ ಒಂದು ತುರ್ತು ಜಾಗ ಇಡಿ. ಅದು ತುಂಬಿದ್ದರೆ ಎರಡನೆಯದು ಹೊರಗೆ ಕಾಯಬೇಕು, ಯಾವುದು ಮೊದಲು ಎಂದು ಎಂ.ಡಿ.ಯವರೇ ಬಂದು ಚೀಟಿ ಬದಲಿಸಲಿ.

ಧೈರ್ಯದ ಪ್ರಶ್ನೆಗೆ ಬರುತ್ತೇನೆ. ‘ನಿಲ್ಲಿಸಿ’ ಎಂದು ಹೇಳುವ ಅಗತ್ಯ ಇಲ್ಲ. ಮೇಡಂ ಮುಂದೆ ಅಜೈಲ್ ಸರಿಯೋ ತಪ್ಪೋ ಎಂಬ ಚರ್ಚೆಗೇ ಹೋಗಬೇಡಿ. ಮೇಲೆ ಹೇಳಿದ ಆ ಒಂದು ಆರ್ಡರ್‌ನ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಐಟಿಯಲ್ಲಿ ಇದ್ದು ಬಂದವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಮೂರು ತಿಂಗಳು ಈ ಒಂದು ತಂಡ ನಡೆಸೋಣ, ಎನ್‌ಕ್ವೈರಿ ಬಂದು ಕೊಟೇಶನ್ ಹೋಗಲು ಎಷ್ಟು ದಿನ, ಆರ್ಡರ್ ಬಂದು ಮಾಲು ಹೋಗಲು ಎಷ್ಟು ದಿನ, ಇವೆರಡನ್ನೇ ಅಳೆಯೋಣ ಎನ್ನಿ. ಈಗಿನ ಲೆಕ್ಕವನ್ನು ಶುರು ಮಾಡುವ ಮೊದಲೇ ಬರೆದಿಟ್ಟುಕೊಳ್ಳಿ, ಆಮೇಲೆ ನೆನಪಿನಿಂದ ಹೇಳಿದರೆ ಎಲ್ಲರೂ ತಮಗೆ ಬೇಕಾದ ಅಂಕಿ ಹೇಳುತ್ತಾರೆ. ಮೂರು ತಿಂಗಳಲ್ಲಿ ಆ ಎರಡು ಅಂಕಿಗಳು ಅಲ್ಲಾಡದಿದ್ದರೆ ತಂಡವನ್ನು ವಿಸ್ತರಿಸಬೇಡಿ. ಮಿತಿ ಪಾಲಿಸಿದ್ದಾರಾ ಎಂದು ಮೊದಲು ನೋಡಿ, ಸಾಮಾನ್ಯವಾಗಿ ಅಲ್ಲೇ ಸೋರಿರುತ್ತದೆ.

ಸೂಪರ್‌ವೈಸರ್‌ಗೆ ಇವತ್ತೇ ಹೇಳಬಹುದಾದದ್ದು ಒಂದಿದೆ. ಶಿಫ್ಟ್ ಶುರುವಿನಲ್ಲಿ ಸುರಕ್ಷತೆ, ಬಾರದ ಮಾಲು, ರಜೆಯಲ್ಲಿರುವವರ ಬಗ್ಗೆ ಅವರು ಮೊದಲೇ ಐದು ನಿಮಿಷ ಮಾತಾಡುತ್ತಿದ್ದರೆ ಅದನ್ನೇ ಉಳಿಸಿಕೊಳ್ಳಲಿ. ಚೀಟಿಗಳನ್ನು ನಾಳೆಯಿಂದ ತೆಗೆಯಬಹುದು.